ಸೊಂಟ ಕೇಳಿ ಕೊಂಡ ಕಾರು

ನನಗೆ ಐವತ್ತಾರು ತುಂಬಿದ ವರ್ಷದ ಮಾತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ. ನಾನು ಹಂದನಕೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಮನೆ ಇರುವುದು ತಿಪಟೂರಿನ ಈಚೆ, ನೊಣವಿನಕೆರೆ ಹಾದಿಯಲ್ಲಿ, ನಮ್ಮ ತೆಂಗಿನ ತೋಟದಲ್ಲೇ. ಎರಡು ಬಸ್ಸು ಬದಲಿಸಿ, ಆಮೇಲೆ ಒಂದಷ್ಟು ದೂರ ನಡೆದು ಶಾಲೆ ಸೇರಬೇಕು. ಹತ್ತೊಂಬತ್ತು ವರ್ಷ ಹೀಗೇ ಓಡಾಡಿದವಳು ನಾನು. ಆ ಸೋಮವಾರ ಬಸ್ಸು ಒಂದು ಹಂಪಿನ ಮೇಲೆ ಹಾರಿತು ನೋಡಿ, ಹಿಂದಿನ ಸೀಟಿನಲ್ಲಿದ್ದ ನನ್ನ ಸೊಂಟದಲ್ಲಿ ಏನೋ ಕಳಕ್ ಅಂದಿತು. ಇಳಿಯುವ ಜಾಗ ಬಂದಾಗ ಏಳಲು ಆಗಲಿಲ್ಲ. ಕಂಡಕ್ಟರು ಮತ್ತು ಇಬ್ಬರು ಹೆಂಗಸರು ರಟ್ಟೆ ಹಿಡಿದು ಇಳಿಸಿದರು. ನಮ್ಮ ಶಾಲೆಯ ಮಕ್ಕಳು ರಸ್ತೆ ಬದಿಯಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದವು. ನೋವಿಗಿಂತ ಅದೇ ನನಗೆ ಹೆಚ್ಚು ಚುಚ್ಚಿತು.

ಮೂರು ವಾರ ಮಲಗಿದೆ. ತಿಪಟೂರಿನ ಡಾಕ್ಟರು ಸ್ಕ್ಯಾನಿನ ಫಿಲಮನ್ನು ಬೆಳಕಿಗೆ ಹಿಡಿದು, "ಡಿಸ್ಕ್ ಸ್ವಲ್ಪ ಜರುಗಿದೆ ಮೇಡಂ. ಆಪರೇಷನ್ ಏನೂ ಬೇಡ. ಆದ್ರೆ ಬಸ್ಸು ಮಾತ್ರ ಬೇಡವೇ ಬೇಡ. ದಿನಾ ಎರಡು ಗಂಟೆ ಕೂತು ಓಡಾಡೋರಿಗೆ ಸೊಂಟಕ್ಕೆ ಸರಿಯಾದ ಆಸರೆ ಇರ್ಬೇಕು. ಅದಾಗಲ್ಲ ಅಂದ್ರೆ ಸ್ವಯಂ ನಿವೃತ್ತಿ ತಗೊಂಡುಬಿಡಿ" ಅಂದರು. ಮಾತ್ರೆ ಬರೆದುಕೊಟ್ಟಷ್ಟೇ ಸಲೀಸಾಗಿ ಹೇಳಿಬಿಟ್ಟರು.

ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಸುಳ್ಳು ಯಾಕೆ ಹೇಳಲಿ, ಈ ಕೆಲಸಕ್ಕೆ ನಾನು ಸೇರಿದ್ದು ಹೊಟ್ಟೆಪಾಡಿಗೇ. ಆದರೆ ಯಾವಾಗ ಅದು ನನ್ನ ಪ್ರಾಣವಾಯಿತೋ ಗೊತ್ತಿಲ್ಲ. ಏಳನೇ ತರಗತಿಗೆ ನಾನೇ ಗಣಿತ ತೆಗೆದುಕೊಳ್ಳುವುದು. ವಾರಗಟ್ಟಲೆ ಭಿನ್ನರಾಶಿಗೆ ತಲೆ ಚಚ್ಚಿಕೊಂಡ ಮಗುವಿಗೆ ಒಂದು ದಿನ ಇದ್ದಕ್ಕಿದ್ದಂತೆ ಅದು ತಲೆಗೆ ಹೋಗುತ್ತದಲ್ಲ, ಆಗ ಅದರ ಮುಖ ನೋಡಬೇಕು. ಅದನ್ನು ಬಿಟ್ಟು ಮನೆಯಲ್ಲಿ ಕೂತು ಧಾರಾವಾಹಿ ನೋಡು ಅಂದರೆ ನಾನು ಸತ್ತೇ ಹೋಗುತ್ತೇನೆ ಅನ್ನಿಸಿತು. ಸರಿ, ಬಸ್ಸು ತಾನೇ ಬೇಡ ಅಂದಿರುವುದು? ಕಾರು ತೆಗೆದುಕೊಂಡರಾಯಿತು. ಡ್ರೈವಿಂಗ್ ನನಗೆ ಬರುತ್ತಿತ್ತು. ಕಾಯಿ ಸಾಗಿಸುವ ನಮ್ಮ ಹಳೇ ವ್ಯಾನಿನಲ್ಲೇ, ತೋಟದ ಸಾಲುಗಳ ನಡುವೆ ಕಲಿತಿದ್ದೆ. ಆ ವ್ಯಾನಿನ ಸೀಟಿನ ವಿಚಾರ ಮಾತ್ರ ಕೇಳಬೇಡಿ. ಅದಕ್ಕಿಂತ ನಮ್ಮ ಹಿತ್ತಿಲಿನ ಒಗೆಯುವ ಕಲ್ಲೇ ಮೆತ್ತಗಿದೆ.

ನಮ್ಮ ಯಜಮಾನರಿಗೆ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ. ಇಡೀ ದಿನ ತೋಟ, ಅಟ್ಟದ ಕೊಬ್ಬರಿ ಎಂದುಕೊಂಡು ಇರುವವರು. "ತಗೊಳ್ಳಾಣ ಬುಡು. ಬಿಳೀದು ತಗೊಳ್ಳಾಣ" ಅಂದರು.

"ಬಣ್ಣ ನೋಡೋರು ರಸ್ತೇಲಿರ್ತಾರೆ ರೀ. ಸೀಟಲ್ಲಿ ಕೂರೋಳು ನಾನು. ನಂಗೆ ಸೀಟು ಬೇಕು, ಸೀಟಿನ ಜೊತೆ ಕಾರು ಬಂದ್ರೆ ಬರ್ಲಿ" ಅಂದೆ.

ಈ ಕಾರು ಆರಿಸುವ ಕೆಲಸವನ್ನು ನಾನು ಹೇಗೆ ಮಾಡಿದೆ ಎಂದು ಹೇಳಲು ನನಗೆ ಇವತ್ತಿಗೂ ಹೆಮ್ಮೆ. ಮನೆಯಿಂದ ಶಾಲೆಗೆ ಹತ್ತಿರ ಹತ್ತಿರ ಒಂದು ಗಂಟೆಯ ದಾರಿ. ಶೋರೂಮಿನಲ್ಲಿ ಎರಡು ನಿಮಿಷ ಕೂತು ಆಹಾ ಅಂದರೆ ಏನು ಗೊತ್ತಾಗುತ್ತದೆ? ಎರಡು ನಿಮಿಷಕ್ಕೆ ಮುಳ್ಳಿನ ಮೇಲೂ ಕೂರಬಹುದು. ಆದ್ದರಿಂದ ಶಾಲೆಯಿಂದ ತರಿಸಿಕೊಂಡ ಏಳನೇ ತರಗತಿಯ ಗಣಿತ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು, ಕೆಂಪು ಪೆನ್ನು, ನೀರಿನ ಬಾಟಲಿ ಎಲ್ಲ ಚೀಲಕ್ಕೆ ಹಾಕಿಕೊಂಡು ಹೊರಟೆ. ಯಜಮಾನರು ಚೀಲ ನೋಡಿ, "ಕಾರು ತಗೊಳ್ಳಕ್ಕೆ ಹೊಂಟಿದೀಯೋ, ಪರೀಕ್ಷೆ ಮಾಡಕ್ಕೋ?" ಅಂದರು.

"ಎರಡೂ" ಅಂದೆ.

ಮೊದಲನೆಯ ಶೋರೂಮಿನಲ್ಲಿ ಟೈ ಕಟ್ಟಿದ ಮನುಷ್ಯರೊಬ್ಬರು ಬಾಗಿಲು ತೆಗೆದು, "ಸನ್‌ರೂಫ್ ಇದೆ ಮೇಡಂ, ಮೇಲ್ಗಡೆ ಓಪನ್ ಆಗುತ್ತೆ" ಅಂತ ಗುಂಡಿ ಒತ್ತಿ ತೋರಿಸಿದರು. "ನಾವು ದಿನಾ ಓಡಾಡೋದು ತೆಂಗಿನ ಮರದ ಕೆಳಗೆ ಕಣಪ್ಪ. ತಲೆ ಮೇಲೆ ತೂತು ಯಾಕೆ? ಕಾಯಿ ಸೀದಾ ಮಡಿಲಿಗೇ ಬೀಳ್ಲಿ ಅಂತಾನಾ?" ಅಂದೆ. ಪಾಪ, ಅವರು ಗುಂಡಿ ಒತ್ತಿ ಮತ್ತೆ ಮುಚ್ಚಿದರು. ಆ ಕಾರಿನ ಸೀಟು ಸೋಫಾದ ಹಾಗೆ ಮೆತ್ತಗಿತ್ತು. ಕೂತ ತಕ್ಷಣ ಸ್ವರ್ಗ. ಆರನೇ ಪತ್ರಿಕೆ ತಿದ್ದುವ ಹೊತ್ತಿಗೆ ಸೊಂಟ ಹಿಂದಕ್ಕೆ ಹೂತುಹೋಗಿ, ಬೆನ್ನು ಕಮಾನಾಗಿ, ಎಡಗಾಲಿಗೆ ಜೋಮು ಇಳಿಯಿತು. ಬೇಡ ಅಂದೆ.

ಎರಡನೆಯದು ತುಮಕೂರಿನಲ್ಲಿ. ಎತ್ತರದ ಗಾಡಿ. ಹತ್ತುವಾಗಲೇ ಕಾಲು ಎತ್ತಿ ಸೊಂಟ ತಿರುಚಬೇಕಾಯಿತು. ಸೀಟಿನ ಅಂಚು ತೊಡೆಯ ಕೆಳಗೆ ಒತ್ತುತ್ತಿತ್ತು. ಯಜಮಾನರು ಅಷ್ಟರಲ್ಲಿ ಎಲ್ಲ ಕಾರುಗಳ ಬಾಗಿಲನ್ನೂ ತೆಗೆದು ಮುಚ್ಚಿ, ಕಿವಿ ಕೊಟ್ಟು ಸದ್ದು ಕೇಳುತ್ತಿದ್ದರು. ಕೊಬ್ಬರಿ ಆಯಿತೋ ಇಲ್ಲವೋ ಎಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ನಮ್ಮ ಕಡೆಯ ಪದ್ಧತಿ. ಆ ಅಭ್ಯಾಸ ಅವರನ್ನು ಶೋರೂಮಿನಲ್ಲೂ ಬಿಡಲಿಲ್ಲ. "ಇದ್ರ ಬಾಗ್ಲು ಗಟ್ಟಿಯಾಗಿದೆ ಕಣೇ" ಅಂದರು. "ಬಾಗಿಲ ಮೇಲೆ ನೀವು ಕೂತ್ಕೊಳ್ಳಿ" ಅಂದೆ.

ಅದೇ ಊರಿನ ಇನ್ನೊಂದು ಶೋರೂಮಿನಲ್ಲಿ ಮೂರನೆಯದು ಸಿಕ್ಕಿತು. ನೋಡಲು ಹೇಳಿಕೊಳ್ಳುವಂಥ ಗಾಡಿಯೇನಲ್ಲ. ಬಣ್ಣ ಇಟ್ಟಿಗೆಯದು. ಬಾಗಿಲು ತೆಗೆದು ಹಿಂದಕ್ಕೆ ಕೂತರೆ ಸೀಟು ಸರಿಯಾಗಿ ನನ್ನ ಎತ್ತರಕ್ಕೇ ಸಿಕ್ಕಿತು. ಬಗ್ಗುವುದೂ ಬೇಡ, ಹತ್ತುವುದೂ ಬೇಡ. ಸೀಟನ್ನು ಮೇಲೆ ಕೆಳಗೆ ಮಾಡುವ ಹಿಡಿ ಒಂದು ಕಡೆ. ಸೊಂಟದ ಹತ್ತಿರ ಉಬ್ಬನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ಹಿಡಿ ಇನ್ನೊಂದು ಕಡೆ. ಅದನ್ನು ತಿರುಗಿಸಿದಾಗ, ಅಯ್ಯೋ ದೇವರೇ, ಯಾರೋ ಹಿಂದಿನಿಂದ ಅಂಗೈ ಇಟ್ಟು, ಒರಗಿಕೋ ತಾಯಿ ಅಂದ ಹಾಗಾಯಿತು. ಕನ್ನಡಕ ಹಾಕಿಕೊಂಡು ಪತ್ರಿಕೆ ತಿದ್ದತೊಡಗಿದೆ. ಶೋರೂಮಿಗೆ ಬಂದವರೆಲ್ಲ ಸುತ್ತ ನಿಂತು ನೋಡಿ ನಕ್ಕು ಹೋದರು. ಮ್ಯಾನೇಜರೂ ಬಂದು, "ಏನಾದ್ರೂ ತೊಂದ್ರೆನಾ ಮೇಡಂ?" ಎಂದು ಕೇಳಿದರು. "ತೊಂದ್ರೆ ಇಲ್ಲ ಅನ್ನೋದನ್ನೇ ನೋಡ್ತಿದೀನಿ, ನೀವು ಹೋಗಿ" ಅಂದೆ. ಕಟ್ಟಿನ ಕೊನೆಯ ಪತ್ರಿಕೆಗೆ ಅಂಕ ಹಾಕಿ ತಲೆ ಎತ್ತಿದಾಗಲೇ ನನಗೆ ಹೊಳೆದದ್ದು, ಇಷ್ಟು ಹೊತ್ತೂ ನನಗೆ ಸೊಂಟವಿದೆ ಎಂಬುದೇ ಮರೆತಿತ್ತು ಎಂದು. ನೋವುಂಡವರಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ.

ಅಷ್ಟಕ್ಕೇ ಒಪ್ಪುವವಳು ನಾನಲ್ಲ. ಟೆಸ್ಟ್ ಡ್ರೈವಿಗೆ ಹೈವೇ ಬೇಡ, ನಮ್ಮ ಶಾಲೆಯ ದಾರಿಗೇ ಕಾರು ತನ್ನಿ ಎಂದು ಹಟ ಹಿಡಿದೆ. ಎರಡು ದಿನ ಬಿಟ್ಟು ತಂದರು. ಹಂಪು, ಗುಂಡಿ, ಕಿತ್ತುಹೋದ ಟಾರು ಎಲ್ಲದರ ಮೇಲೂ ನಾನೇ ಓಡಿಸಿದೆ. ಪಕ್ಕದಲ್ಲಿ ಕೂತ ಶೋರೂಮಿನವರು ಮೇಲಿನ ಹಿಡಿ ಬಿಡಲೇ ಇಲ್ಲ. ನನ್ನ ಸೊಂಟ ಮಾತ್ರ ಸುಮ್ಮನಿತ್ತು. ಇಟ್ಟಿಗೆ ಬಣ್ಣದ್ದನ್ನೇ ಬುಕ್ ಮಾಡಿದೆ.

ಕಾರು ಮನೆಗೆ ಬಂತು. ಪೂಜೆಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣೂ ಆಯಿತು. ಇಲ್ಲಿಯವರೆಗೆ ನನ್ನ ಬುದ್ಧಿವಂತಿಕೆಯ ಕಥೆ. ಇನ್ನು ಮುಂದಿನದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಾವು ಕೊಬ್ಬರಿಯ ಜನ. ಕಾಯಿಯನ್ನು ಸುಲಿಯದೆ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೇ ಒಳಗೆ ಒಳ್ಳೆಯ ಉಂಡೆ ಕೊಬ್ಬರಿಯಾಗುವುದು. ಮೇಲಿನ ಹೊದಿಕೆಗೆ ಕೈ ಹಾಕಿದರೆ ಸರಕು ಕೆಟ್ಟಿತು ಅನ್ನುವುದು ನಮ್ಮ ರಕ್ತದಲ್ಲೇ ಇದೆ. ಅದಕ್ಕೇ ಇರಬೇಕು, ನಮ್ಮ ಕಡೆ ಹೊಸ ಫ್ರಿಜ್ಜಿನ ಬಾಗಿಲಿನ ಪ್ಲಾಸ್ಟಿಕ್ಕು, ಹೊಸ ಕುರ್ಚಿಯ ಪ್ಲಾಸ್ಟಿಕ್ಕು, ಟಿವಿ ರಿಮೋಟಿನ ಪ್ಲಾಸ್ಟಿಕ್ಕು ಯಾವುದನ್ನೂ ಯಾರೂ ಕೀಳುವುದಿಲ್ಲ. ಅದಾಗಿಯೇ ಹರಿದು ಬಿದ್ದರೆ ಉಂಟು. ಕಾರಿನ ಸೀಟಿಗೂ ಅದೇ ನ್ಯಾಯ. ಕಾರು ಕೊಡುವಾಗ ಶೋರೂಮಿನವರು ಪ್ಲಾಸ್ಟಿಕ್ ಕೀಳಲು ಕೈ ಹಾಕಿದರೆ, "ಬಿಡಿ ಬಿಡಿ, ಇರ್ಲಿ" ಎಂದು ಅವರ ಕೈ ತಡೆದವಳು ನಾನೇ. ಇದರ ಮೇಲೆ ತೋಟದ ಧೂಳು, ಯಜಮಾನರ ಎಣ್ಣೆ ತಲೆ, ಹಿಂದೆ ನಾಲ್ಕು ಕಾಯಿ ಚೀಲ. ಹೊಸ ಸೀಟು ಒಂದೇ ತಿಂಗಳಲ್ಲಿ ಹಾಳಾಗುತ್ತದಲ್ಲ ಎಂದು ದಪ್ಪನೆಯ ಸೀಟ್ ಕವರು ಹಾಕಿಸಲು ಹೋದೆ.

ತಿಪಟೂರಿನ ಗ್ಯಾರೇಜುಗಳ ಸಾಲಿನಲ್ಲಿ ದಸ್ತಗೀರ್ ಸಾಬರ ಕುಶನ್ ಅಂಗಡಿ. ಬಸ್ಸು, ಆಟೋ, ಟ್ರ್ಯಾಕ್ಟರು ಎಲ್ಲದರ ಸೀಟನ್ನೂ ಅವರು ಹೊಲಿಯುತ್ತಾರೆ. ಅರವತ್ತರ ಹತ್ತಿರದ ಮನುಷ್ಯ. ತಗ್ಗಾದ ಒಂದು ಮರದ ಪೆಟ್ಟಿಗೆಯ ಮೇಲೆ ಬಗ್ಗಿ ಕೂತು ಮಿಷನ್ ತುಳಿಯುತ್ತಿದ್ದರು. ನನಗೆ ಅಲ್ಲಿಯವರೆಗೆ ಅವರ ಪರಿಚಯವಿರಲಿಲ್ಲ. ಕಾರಿನ ಒಳಗೆ ತಲೆ ಹಾಕಿ, ಸೀಟಿನ ಮೇಲೆ ಕೈ ಆಡಿಸಿ, "ಸೀಟು ಬಹಳ ಚೆನ್ನಾಗಿದೆ ಮೇಡಂ. ಇದಕ್ಕೆ ದಪ್ಪ ಕವರ್ ಬೇಡ. ಬೇಕಂದ್ರೆ ತೆಳ್ಳಗೆ ಬಟ್ಟೇದು ಹೊಲ್ದುಕೊಡ್ತೀನಿ. ಪ್ಲಾಸ್ಟಿಕ್ ತೆಗೆದುಬಿಡಿ..." ಅಂತ ಏನೋ ಹೇಳಲು ಹೊರಟರು.

ನನ್ನ ಗಂಟಲು ನಿಮಗೆ ಗೊತ್ತಿಲ್ಲ. ಮೂವತ್ತು ವರ್ಷ ತರಗತಿಯನ್ನು ಸುಮ್ಮನಾಗಿಸಿದ ಗಂಟಲು. "ಸಾಬ್ರೇ, ಸೀಟು ಆರ್ಸೋದು ಹೇಗೆ ಅಂತ ನಂಗೆ ಗೊತ್ತು. ಈ ಕಾರು ಆರ್ಸಕ್ಕೆ ಎಷ್ಟು ಕಷ್ಟಪಟ್ಟಿದೀನಿ ಅಂತ ನಿಮಗೇನು ಗೊತ್ತು? ಒಳ್ಳೇ ದಪ್ಪ ಫೋಮ್ ಹಾಕಿ ಹೊಲೀರಿ. ಪ್ಲಾಸ್ಟಿಕ್ ಕೀಳ್ಬೇಡಿ, ಅದರ ಮೇಲೇ ಹಾಕಿ" ಅಂದೆ.

"ಪ್ಲಾಸ್ಟಿಕ್ ಮೇಲೇನಾ ಮೇಡಂ?"

"ಮೇಲೇ. ಹೇಳಿದ್ದು ಮಾಡಿ."

ಅವರು ಟೇಪು ತೆಗೆದು ಸೀಟಿನ ಅಳತೆ ಹಿಡಿದರು. ಎರಡು ದಿನ ಕೂತು, ಕಂದು ಬಣ್ಣದ ಕವರನ್ನು ಅಂಚಿಗೆ ಬಿಳಿ ದಾರ ಕೊಟ್ಟು ಅಷ್ಟು ಚೆಂದ ಹೊಲಿದುಕೊಟ್ಟರು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಯಜಮಾನರು ಕೈಯಲ್ಲಿ ಒತ್ತಿ ನೋಡಿ, "ಸಿಪ್ಪೆ ಗಟ್ಟಿ ಇದ್ರೇನೇ ಕಣೇ ಒಳಗಿಂದು ಕೆಡದೇ ಇರೋದು" ಅಂದರು. ಅದರ ಮೇಲೆ ನಾನು ಒಂದು ಟವೆಲನ್ನೂ ಹಾಸಿದೆ.

ಮೊದಲ ಎರಡು ದಿನ ಖುಷಿಯಲ್ಲೇ ಹೋಯಿತು. ನಾಲ್ಕನೆಯ ದಿನ ಶಾಲೆಯಲ್ಲಿ ಇಳಿಯುವಾಗ ಬಾಗಿಲು ಹಿಡಿದುಕೊಳ್ಳಬೇಕಾಯಿತು. ಎರಡನೇ ವಾರದ ಹೊತ್ತಿಗೆ ಕಾರು ನಿಲ್ಲಿಸಿದ ಮೇಲೆ ಐದು ನಿಮಿಷ ಸ್ಟೀರಿಂಗ್ ಹಿಡಿದು ಹಾಗೇ ಕೂರುತ್ತಿದ್ದೆ. ಹಳೆಯ ನೋವೇ, ಅದೇ ಜಾಗ, ಅದೇ ಎಡಗಾಲು. ಕಪ್ಪು ಹಲಗೆಯ ಮುಂದೆ ನಿಂತರೆ ಹತ್ತು ನಿಮಿಷಕ್ಕೆ ಬೆವರು ಒಡೆಯುತ್ತಿತ್ತು. ಮೇಜಿಗೆ ಕೈ ಊರಿಕೊಂಡು ಪಾಠ ಮಾಡುತ್ತಿದ್ದೆ. ಒಂದು ಹುಡುಗಿ, "ಮಿಸ್, ನೀವು ಕೂತ್ಕೊಂಡೇ ಹೇಳಿ ಮಿಸ್, ನಾನೇ ಬೋರ್ಡ್ ಮೇಲೆ ಬರೀತೀನಿ" ಅಂತ ಸೀಮೆಸುಣ್ಣಕ್ಕೆ ಕೈ ಚಾಚಿದಳು. ಕೊಟ್ಟೆ. ಆ ದಿನ ಊಟ ಸೇರಲಿಲ್ಲ.

ಕಾರಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ ನೋಡಿ. ಅಷ್ಟು ಪರೀಕ್ಷೆ ಮಾಡಿ ಆರಿಸಿದ ಸೀಟು, ಅದು ತಪ್ಪಾಗಲು ಸಾಧ್ಯವೇ? ಹಾಗಾದರೆ ಕೆಟ್ಟಿರುವುದು ನನ್ನ ಬೆನ್ನೇ ಎಂದು ತೀರ್ಮಾನಿಸಿದೆ. ಡಾಕ್ಟರಿಗೆ ಹೇಳಿದರೆ ಅವರೂ, "ಇಂಥ ಕಾರಲ್ಲೂ ಆಗ್ತಿಲ್ಲ ಅಂದ್ರೆ ಇನ್ನೇನು ಮಾಡೋದು ಮೇಡಂ" ಅಂದರು. ಮನೆಗೆ ಬಂದು ಸ್ವಯಂ ನಿವೃತ್ತಿಯ ಅರ್ಜಿ ಬರೆದೆ. ಸೋಮವಾರ ಚಿಕ್ಕನಾಯಕನಹಳ್ಳಿಯ ಶಿಕ್ಷಣಾಧಿಕಾರಿ ಕಚೇರಿಗೆ ಕೊಡುವುದೆಂದು ನಿಶ್ಚಯವಾಯಿತು. ಯಜಮಾನರು ಅರ್ಜಿಯನ್ನು ಎರಡು ಸಲ ಓದಿದರು. ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. "ಬುಡು ಮಂಗಳಾ. ಇಷ್ಟು ದಿನ ಮಾಡಿದ್ದು ಸಾಕು. ಇನ್ನು ನಿನ್ನ ಜೀವ ನೋಡ್ಕೊ" ಅಂದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನೇ ನನಗೆ ತಡೆಯಲಾಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಬರುವಾಗ ತಿಪಟೂರಿನಲ್ಲಿ ಒಂದು ಯೋಚನೆ ಬಂತು. ಕೊನೆಯದೊಂದು ಪ್ರಯತ್ನ ಮಾಡೋಣ, ಕವರಿಗೆ ಇನ್ನೂ ಒಂದು ಪದರ ಫೋಮ್ ಹಾಕಿಸಿದರೆ ಹೇಗೆ ಎಂದು. ನನ್ನ ಬುದ್ಧಿ ಎಷ್ಟು ಓಡುತ್ತಿತ್ತು ನೀವೇ ನೋಡಿ. ಸೀದಾ ದಸ್ತಗೀರ್ ಸಾಬರ ಅಂಗಡಿಯ ಮುಂದೆ ನಿಲ್ಲಿಸಿದೆ. ಬಾಗಿಲು ಹಿಡಿದು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಳಿಸಿ, ಹಲ್ಲು ಕಚ್ಚಿ ಎದ್ದು ನಿಂತೆ. ಅವರು ಮಿಷನ್ ನಿಲ್ಲಿಸಿ ಅದನ್ನೇ ನೋಡುತ್ತಿದ್ದರು.

"ಸಾಬ್ರೇ, ಫೋಮ್ ಸಾಲ್ತಿಲ್ಲ. ಇನ್ನೊಂದು ಪದರ ಹಾಕಿಕೊಡಿ" ಅಂದೆ.

"ಹಾಕೋಣ ಮೇಡಂ, ಅದಕ್ಕೇನು. ಒಂದ್ಸಲ ಒಳಗೆ ಕೂತು ತೋರ್ಸಿ" ಅಂದರು.

ಕೂತೆ. ಅವರು ತೆರೆದ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಪಕ್ಕದಿಂದ ನನ್ನನ್ನು ನೋಡಿದರು, ದರ್ಜಿ ಕಣ್ಣಳತೆ ಹಾಕುವ ಹಾಗೆ.

"ಬ್ರೇಕ್ ತುಳೀರಿ ಮೇಡಂ."

ತುಳಿದೆ.

"ಬಿಡಿ. ಇನ್ನೊಂದ್ಸಲ. ಈಗ ಏನಾಯ್ತು ಗೊತ್ತಾಯ್ತಾ?"

"ಏನಾಯ್ತು?"

"ನೀವು ತುಳಿದಾಗ ಕವರು ಪ್ಲಾಸ್ಟಿಕ್ ಮೇಲೆ ಜಾರ್ತು. ಕವರಿನ ಜೊತೆ ನೀವೂ ಮುಂದಕ್ಕೆ ಬಂದ್ರಿ. ಕಾಲು ಬಿಗಿ ಹಿಡಿದು ಮತ್ತೆ ಹಿಂದಕ್ಕೆ ಹೋದ್ರಿ. ನಿಮಗೇ ಗೊತ್ತಾಗ್ದೇ ನಡೀತಿದೆ ಇದು. ನೀವು ದಿನಾ ಹೋಗಿ ಬರೋ ಅಷ್ಟರಲ್ಲಿ ಎಷ್ಟು ಬ್ರೇಕಾಗುತ್ತೆ, ನೀವೇ ಹೇಳಿ?"

ಗಣಿತದ ಟೀಚರಿಗೇ ಲೆಕ್ಕ ಕೊಟ್ಟರು.

ಆಮೇಲೆ ನನ್ನನ್ನು ಇಳಿಸಿ, ಸೀಟಿನ ಬೆನ್ನಿಗೆ ಅಂಗೈ ಒತ್ತಿ ತೋರಿಸಿದರು. "ಇಲ್ಲಿ ನೋಡಿ. ಸೊಂಟದ ಹಳ್ಳಕ್ಕೆ ಸರಿಯಾಗಿ ಕಂಪನಿಯವರು ಉಬ್ಬು ಕೊಟ್ಟಿದ್ರು. ನನ್ನ ಫೋಮು ಅದನ್ನ ಮುಚ್ಚಿ ಚಪ್ಪಟೆ ಮಾಡ್ಬಿಟ್ಟಿದೆ. ಕೆಳಗಿನ ಫೋಮಿಂದ ನೀವು ಮೇಲಕ್ಕೆ ಬಂದಿದೀರಿ, ಕಾಲು ಎಟುಕ್ತಿಲ್ಲ. ನೀವು ಆರ್ಸಿದ ಸೀಟಲ್ಲಿ ನೀವು ಒಂದು ದಿನಾನೂ ಸರಿಯಾಗಿ ಕೂತೇ ಇಲ್ಲ ಮೇಡಂ." ತಲೆ ತಗ್ಗಿಸಿ ಹೇಳಿದರು: "ತಪ್ಪು ನಂದೇ. ಅವತ್ತು ಗಟ್ಟಿಯಾಗಿ ಹೇಳ್ಬೇಕಿತ್ತು. ಹೇಳ್ಲಿಲ್ಲ."

ನನ್ನ ಕಿವಿಯೆಲ್ಲ ಬಿಸಿಯಾಯಿತು. ಅವರು ಹೇಳಿದ್ದರು. ಹೇಳಲು ಬಾಯಿ ತೆರೆದಿದ್ದರು. ಮುಚ್ಚಿಸಿದವಳು ನಾನು. ಈಗ ಇಡೀ ಗ್ಯಾರೇಜ್ ಬೀದಿಗೆ ಕೇಳುವ ಹಾಗೆ, ನಾನು ಅವತ್ತೇ ಹೇಳಿರಲಿಲ್ಲವಾ ಎಂದು ಅವರು ಕೂಗಿದ್ದರೂ ನನಗೆ ಸರಿಯೇ ಆಗುತ್ತಿತ್ತು. ಇಲ್ಲವೇ ಇನ್ನೊಂದು ಪದರ ಹೊಲಿದು ಸುಮ್ಮನೆ ಕೈ ತೊಳೆದುಕೊಳ್ಳಬಹುದಿತ್ತು. ಎರಡನ್ನೂ ಮಾಡದೆ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡು ನಿಂತಿದ್ದರು.

"ಇಲ್ಲ ಸಾಬ್ರೇ, ತಪ್ಪು ನಂದು. ನೀವು ಹೇಳಿದ್ರಿ, ನಾನೇ ಕೇಳ್ಲಿಲ್ಲ" ಅಂದೆ. ಮುಖ್ಯ ಶಿಕ್ಷಕಿಯಾದ ಮೇಲೆ ಈ ಮಾತನ್ನು ನಾನು ಯಾರಿಗೂ ಹೇಳಿದ ನೆನಪಿಲ್ಲ.

"ಹೋಗ್ಲಿ ಬಿಡಿ. ಈಗ ತೆಗೀಲಾ?" ಅಂದರು.

"ತೆಗೀರಿ. ನಾಲ್ಕು ಸೀಟಿಂದೂ ತೆಗೀರಿ."

ಎರಡು ದಿನ ಕೂತು ಹೊಲಿದ ಆ ಚೆಂದದ ಬಿಳಿ ದಾರವನ್ನು ಅವರು ಕತ್ತರಿಯಿಂದ ಕಚಕಚ ಕತ್ತರಿಸಿದರು. ಕವರು ಬಿಚ್ಚಿ, ಕೆಳಗಿನ ಪ್ಲಾಸ್ಟಿಕ್ಕನ್ನು ಪರಪರ ಹರಿದು ಎಳೆದರು. ತಡೆಯಲು ನನ್ನ ಕೈ ಅರ್ಧ ಮುಂದೆ ಹೋಯಿತು, ಎಷ್ಟೆಂದರೂ ಹುಟ್ಟು ಗುಣ. ಸೊಂಟದ ಉಬ್ಬಿನ ಆ ಸಣ್ಣ ಹಿಡಿ ಕವರಿನ ಒಳಗೇ ಹೂತುಹೋಗಿತ್ತು. ಅದನ್ನು ಹೊರಗೆ ತೆಗೆದು, "ಈಗ ಕೂತ್ಕೊಳ್ಳಿ, ನೀವೇ ತಿರುಗ್ಸಿ" ಅಂದರು. ತಿರುಗಿಸಿದೆ. ಶೋರೂಮಿನಲ್ಲಿ ಸಿಕ್ಕಿದ್ದ ಆ ಅಂಗೈ ಮತ್ತೆ ಬಂದು ಬೆನ್ನಿಗೆ ಕೂತಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಬೀದಿಯೆಂದೂ ನೋಡಲಿಲ್ಲ, ಸೆರಗಿನಲ್ಲಿ ಒರೆಸಿಕೊಂಡೆ.

"ಹುಳಿಯಾರು ರಸ್ತೇಲಿ ಒಂದು ಸುತ್ತು ಹೋಗ್ಬಿಟ್ಟು ಬನ್ನಿ ಮೇಡಂ, ನೋವು ಬರುತ್ತೋ ಇಲ್ವೋ ನೋಡಿ" ಅಂದರು.

"ನೀವೂ ಹತ್ತಿ. ಬ್ರೇಕ್ ಹಾಕುವಾಗ ಸರಿ ಇದೆಯಾ ಅಂತ ನೋಡೋರು ಬೇಡ್ವಾ?" ಅಂದೆ.

ಅವರು ಬೇಡ ಬೇಡ ಅಂದರು. ನಾನು ಬಿಡಲಿಲ್ಲ. ಪಂಚೆ ಝಾಡಿಸಿಕೊಂಡು, ಕೈ ಒರೆಸಿಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಕೂತರು ಅಂದರೆ, ಸೀಟಿನ ತುದಿಗೆ. ಬೆನ್ನು ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲ ಮೇಲೆ. ಅಂಗಡಿಯ ಆ ಪೆಟ್ಟಿಗೆಯ ಮೇಲೆ ಕೂರುವ ಹಾಗೇ. ಎರಡು ಕಿಲೋಮೀಟರು ಹೋದರೂ ಹಾಗೇ ಇದ್ದರು.

"ಸಾಬ್ರೇ, ಹಿಂದಕ್ಕೆ ಒರಗಿ ಕೂತ್ಕೊಳ್ಳಿ."

"ಬೇಡ ಮೇಡಂ. ಅಂಗಿ ಕೊಳೆಯಾಗಿದೆ. ಹೊಸ ಸೀಟು."

ಹೊಸ ಸೀಟು ಅಂತಲೇ ಇಷ್ಟು ದಿನ ಪ್ಲಾಸ್ಟಿಕ್ ಕೀಳಲು ಬಿಡದವಳು ನಾನು, ಆ ಮಾತು ನನಗೇ ಹೊಡೆದ ಹಾಗಾಯಿತು. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ. "ನೀವು ಒರಗೋವರೆಗೂ ಗಾಡಿ ಮುಂದಕ್ಕೆ ಹೋಗಲ್ಲ" ಅಂದೆ, ತರಗತಿಯ ಗಂಟಲಿನಲ್ಲೇ. ಅವರು ನಕ್ಕರು. ನಿಧಾನಕ್ಕೆ, ಒಂದೊಂದೇ ಮೂಳೆಯನ್ನು ಇಳಿಸುವವರ ಹಾಗೆ ಹಿಂದಕ್ಕೆ ಸರಿದು ಒರಗಿದರು. ಬಾಯಿಂದ, "ಯಾ ಅಲ್ಲಾ" ಅಂತ ಒಂದು ಉಸಿರು ಬಂತು. ಅದು ನೋವಿನ ಉಸಿರು ಎಂದು ನನಗೆ ತಕ್ಷಣ ತಿಳಿಯಿತು. ನನ್ನದೂ ಅದೇ ಜಾತಿಯ ಉಸಿರಲ್ಲವೇ.

"ನಿಮಗೂ ಸೊಂಟ ನೋವಾ?"

"ಬಹಳ ವರ್ಷದಿಂದ ಮೇಡಂ. ಬಗ್ಗಿ ಬಗ್ಗಿ ಹೊಲಿಯೋ ಕೆಲಸ. ನೀವು ಅವತ್ತು ಕಾರಿಂದ ಇಳಿಯೋದು ನೋಡಿದಾಗ್ಲೇ ನಂಗೆ ಗೊತ್ತಾಯ್ತು ಎಲ್ಲಿ ಹಿಡಿದಿದೆ ಅಂತ. ಅದಕ್ಕೇ ದಪ್ಪ ಕವರ್ ಬೇಡ ಅಂದೆ."

ಕಾರು ಓಡಿಸಿದೆ. ಎರಡೂ ಕಡೆ ತೆಂಗಿನ ತೋಟ, ಮಧ್ಯಾಹ್ನದ ಬಿಸಿಲು. ಬೇಕೆಂದೇ ದೂರ ಹೋದೆ. ಹಂಪು ಬಂದಾಗ ನಿಧಾನ ಮಾಡಿದೆ, ನನಗಾಗಿ ಸ್ವಲ್ಪ, ಅವರಿಗಾಗಿ ಸ್ವಲ್ಪ. ತಿರುಗಿ ಬರುವಾಗ ನೋಡಿದರೆ ಅವರು ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬೇಕು ಎಂದುಕೊಂಡೆ. ಇಲ್ಲ, ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಸೀಟು ಹಾಕಿದ ಮೇಲೆ ಎಲ್ರನ್ನೂ ಕೂರ್ಸಿ, ಹೆಂಗಿದೆ ಅಂತ ಕೇಳ್ತೀನಿ ಮೇಡಂ. ಚೆನ್ನಾಗಿದೆ ಅಂತಾರೆ, ಹೋಗ್ತಾರೆ. ಆ ಚೆನ್ನಾಗಿದೆ ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು."

ಅಂಗಡಿಯ ಮುಂದೆ ಅವರನ್ನು ಇಳಿಸಿ ನಾನೂ ಇಳಿದೆ. ಬಾಗಿಲು ಹಿಡಿಯದೆ ಇಳಿದೆ. ಅವರು ಅದನ್ನು ಗಮನಿಸಿ ತಲೆಯಾಡಿಸಿ, ಪೆಟ್ಟಿಗೆಯ ಮೇಲೆ ಹೋಗಿ ಕೂತು ಮಿಷನ್ ತುಳಿಯಲು ಶುರು ಮಾಡಿದರು.

ಸೋಮವಾರ ನಾನು ಚಿಕ್ಕನಾಯಕನಹಳ್ಳಿಗೆ ಹೋಗಲಿಲ್ಲ. ಶಾಲೆಗೆ ಹೋದೆ. ನೋವು ಒಂದೇ ದಿನಕ್ಕೆ ಓಡಿಹೋಯಿತು ಎಂದರೆ ಸುಳ್ಳಾಗುತ್ತದೆ. ಬಿಡಲು ಒಂದೂವರೆ ತಿಂಗಳು ಹಿಡಿಯಿತು, ಡಾಕ್ಟರು ಹೇಳಿದ ವ್ಯಾಯಾಮವನ್ನೂ ದಿನಾ ಮಾಡಿದೆ. ಆದರೆ ಆ ಸೋಮವಾರವೇ ಸೀಮೆಸುಣ್ಣವನ್ನು ನಾನೇ ಹಿಡಿದು, ನಿಂತು ಪಾಠ ಮಾಡಿದೆ. ಮುಂದಿನ ವಾರ ಮನೆಯಲ್ಲಿದ್ದ, ಬೆನ್ನಿಗೆ ಆಸರೆಯಿರುವ ಒಂದು ಗಟ್ಟಿ ಕುರ್ಚಿಯನ್ನು ಯಜಮಾನರ ಕೈಲಿ ವ್ಯಾನಿಗೆ ಹಾಕಿಸಿ ದಸ್ತಗೀರ್ ಸಾಬರ ಅಂಗಡಿಗೆ ಕಳಿಸಿದೆ. ಮಿಷನ್ನಿಗೆ ಎತ್ತರ ಸರಿಹೊಂದಲೆಂದು ಅದರ ಕಾಲುಗಳನ್ನು ಅವರೇ ಕೊಯ್ದುಕೊಂಡರಂತೆ. ಯಜಮಾನರು ಬಂದು, "ಕುರ್ಚಿ ಪ್ಲಾಸ್ಟಿಕ್ಕು ಮೊದ್ಲು ಕಿತ್ತು ಬಿಸಾಕುದ್ರು ಕಣೇ" ಅಂತ ಬೇಜಾರಿನಲ್ಲಿ ಹೇಳಿದರು.

ನಾನೀಗಲೂ ಅದೇ ಇಟ್ಟಿಗೆ ಬಣ್ಣದ ಕಾರಿನಲ್ಲಿ ಶಾಲೆಗೆ ಹೋಗುತ್ತೇನೆ. ಆ ಕಾರನ್ನು ಆರಿಸಿದ್ದು ನಾನೇ, ಸರಿಯಾಗಿಯೇ ಆರಿಸಿದೆ, ಆ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಅವತ್ತು ಆ ಮನುಷ್ಯ ತಲೆ ತಗ್ಗಿಸಿ, "ಗಟ್ಟಿಯಾಗಿ ಹೇಳ್ಬೇಕಿತ್ತು" ಅಂದರಲ್ಲ, ಅದು ಈಗಲೂ ನನ್ನನ್ನು ಚುಚ್ಚುತ್ತದೆ. ನನ್ನ ಮುಂದೆ ಎಷ್ಟು ಮಕ್ಕಳು ಹಾಗೆ ಬಾಯಿ ತೆರೆದು ಮತ್ತೆ ಮುಚ್ಚಿರಬಹುದು ಎಂದು ಯೋಚನೆ ಬರುತ್ತದೆ. ಈಗ ಲೆಕ್ಕ ಬಿಡಿಸುವಾಗ ಯಾವುದಾದರೂ ಮಗು, "ಮಿಸ್, ಅದು ಹಂಗಲ್ಲ" ಅಂದರೆ ಸೀಮೆಸುಣ್ಣ ಕೆಳಗಿಟ್ಟು ನಿಲ್ಲುತ್ತೇನೆ. ಹೆಚ್ಚಿನ ಸಲ ಮಗುವಿನದೇ ತಪ್ಪಿರುತ್ತದೆ. ಆದರೂ ಅದು ಹೇಳಿ ಮುಗಿಸುವವರೆಗೆ ಬಾಯಿ ಬಿಡುವುದಿಲ್ಲ.